ಟ್ಯಾಬ್ ಸತ್ತಿಲ್ಲ, ಬೀಗದ ಕೈ ಕೊಟ್ಟಿಲ್ಲ ಅಷ್ಟೇ

ರಾತ್ರಿ ಒಳ್ಳೆ ಮಳೆ ಆಗಿದೆ. ತೋಟಕ್ಕೆ ಕಾಲಿಡೋ ಹಾಗಿಲ್ಲ, ಬದುವಿನ ಮೇಲೆ ನಡೆದ್ರೂ ಚಪ್ಪಲಿ ಕಿತ್ತು ಬರುತ್ತೆ. ಹಾಗಾಗಿ ಇವತ್ತು ತೆಂಗು, ಗೊಬ್ಬರದ ಮಾತು ಬಿಟ್ಟು ಬೇರೆ ವಿಷಯ ಬರೀತೀನಿ. ಉದ್ದ ಇದೆ, ಸ್ವಲ್ಪ ಖಾರಾನೂ ಇದೆ. ಭಾನುವಾರದ ಸಭೆಗೆ ಮುಂಚೆ ನಮ್ಮ ಸದಸ್ಯರು ಓದ್ಲಿ ಅಂತಲೇ ಬರೀತಿರೋದು.

ವಿಷಯ ಏನಂದ್ರೆ, ನಮ್ಮ ರೈತ ಉತ್ಪಾದಕರ ಕಂಪನಿ 2017ರಲ್ಲಿ ತಂದ ಎಂಟು ಟ್ಯಾಬ್‌ಗಳು ಬೀರುವಿನಲ್ಲಿ ಬಿದ್ದಿವೆ. ಕೊಬ್ಬರಿ ತೂಕ ಬರೆಯೋಕೆ, ಸದಸ್ಯರ ಲೆಕ್ಕ ಇಡೋಕೆ ತಂದಿದ್ದು. ಈಗ "ಹಳೇವಾದ್ವು, ಗುಜರಿಗೆ ಹಾಕಿ ಹೊಸ ಎಂಟು ತರೋಣ" ಅನ್ನೋ ಠರಾವು ಬರ್ತಿದೆ. ಒಂದಕ್ಕೆ 14 ಸಾವಿರದ ಲೆಕ್ಕದಲ್ಲಿ 1 ಲಕ್ಷದ 12 ಸಾವಿರ. ನಾನು ಇದಕ್ಕೆ ಕೈ ಎತ್ತಲ್ಲ. ಯಾಕೆ ಅಂತ ಹೇಳ್ತೀನಿ, ತಪ್ಪಿದ್ರೆ ಸಭೇಲೇ ನನ್ನ ಬಾಯಿ ಮುಚ್ಚಿಸಿ.

ಮೊದಲು ನನ್ನ ಮನೆ ಕಥೆ. ನನ್ನ ಟ್ಯಾಬ್ 2016ರದ್ದು. ಹತ್ತು ಇಂಚು, ಎರಡು ಜಿಬಿ ರ‍್ಯಾಮ್, ಆಂಡ್ರಾಯ್ಡ್ 6. ಕೊರೊನಾ ಕಾಲದಲ್ಲಿ ಮಗಳ ಪಾಠ ಇದರಲ್ಲೇ ನಡೀತು. ಆಮೇಲೆ ತೋಟದ ಲೆಕ್ಕ, ಹವಾಮಾನ, ಪಂಪ್‌ಹೌಸ್ ಕ್ಯಾಮೆರಾ ಎಲ್ಲಾ ಇದರಲ್ಲೇ. 2024ರಲ್ಲಿ ಒಂದೊಂದೇ ಸೈಟು "ಸಂಪರ್ಕ ಸುರಕ್ಷಿತವಲ್ಲ" ಅಂತ ಬಾಗಿಲು ಹಾಕೋಕೆ ಶುರುವಾಯ್ತು. ಹೊಸ ಆಪ್ ಹಾಕೋಕೆ ಹೋದ್ರೆ "ನಿಮ್ಮ ಸಾಧನಕ್ಕೆ ಹೊಂದಲ್ಲ". ಅಂಗಡಿಗೆ ಒಯ್ದೆ. ಹುಡುಗ ಎರಡು ನಿಮಿಷ ತಿರುಗಿಸಿ ನೋಡಿ, "ಅಣ್ಣ, ಬೋರ್ಡ್ ವೀಕ್ ಆಗಿದೆ. ಎಕ್ಸ್‌ಚೇಂಜ್‌ಗೆ ಹಾಕಿ, ಐನೂರು ಹಿಡ್ಕೊಳ್ತೀನಿ" ಅಂದ.

ಬೋರ್ಡಿಗೆ ಏನೂ ಆಗಿರ್ಲಿಲ್ಲ. ನಡೆದಿದ್ದು ಬೇರೆ. ಒಂದು ಸೈಟು ತೆರೆದಾಗ ಟ್ಯಾಬ್ ಅದರ ಸೀಲು ನೋಡುತ್ತೆ, ನಾವು ಕ್ರಯಪತ್ರದಲ್ಲಿ ಸೀಲು ನೋಡೋ ಹಾಗೆ. ಯಾವ ಸೀಲು ನಂಬಬೇಕು ಅನ್ನೋ ಪಟ್ಟಿ ಟ್ಯಾಬ್ ಒಳಗೇ ಇರುತ್ತೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಲೋಕದ ಲಕ್ಷಾಂತರ ಸೈಟುಗಳಿಗೆ ಪುಕ್ಕಟೆ ಸೀಲು ಕೊಡುತ್ತೆ. ಅದರ ಸ್ವಂತ ಮೂಲ ಸೀಲು ಆಂಡ್ರಾಯ್ಡ್ 7.1.1ರಿಂದ ಈಚೆಗೆ ಮಾತ್ರ ಆ ಪಟ್ಟಿಯಲ್ಲಿದೆ. ಅದಕ್ಕಿಂತ ಹಳೇವು ಇನ್ನೊಂದು ಹಳೇ ಸೀಲಿನ ಆಸರೆಯಲ್ಲಿ ನಡೀತಿದ್ವು. ಆ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಪೂರ್ತಿ ಮುಗೀತು. ಅಂದ್ರೆ ಪಟ್ಟಿಗೆ ಒಂದು ಹೆಸರು ಸೇರಿಸಬೇಕಿತ್ತು, ಕಂಪನಿ ಸೇರಿಸಲಿಲ್ಲ. ಫೈರ್‌ಫಾಕ್ಸ್ ತನ್ನ ಪಟ್ಟಿಯನ್ನ ತಾನೇ ಇಟ್ಕೊಳ್ಳುತ್ತೆ. ಅದನ್ನ ಹಾಕಿ ನೋಡಿದೆ, ಅದೇ ಟ್ಯಾಬಲ್ಲಿ ಅದೇ ಸೈಟು ಸಲೀಸಾಗಿ ತೆರೀತು. ಬೋರ್ಡ್ ವೀಕಾಗಿದ್ರೆ ಇದು ಹೇಗೆ ತೆರೀತಪ್ಪ?

ಮೋಟಾರ್ ಸುಟ್ಟರೆ ನಾವು ರಿವೈಂಡಿಂಗ್ ಮಾಡಿಸ್ತೀವಿ. ಬೇರಿಂಗ್ ಹೋದ್ರೆ ಬೇರಿಂಗ್, ಕೆಪಾಸಿಟರ್ ಹೋದ್ರೆ ಕೆಪಾಸಿಟರ್ ಹಾಕಿಸ್ತೀವಿ. ಕೆಪಾಸಿಟರ್ ಹೋಯ್ತು ಅಂತ ಮೋಟಾರ್ ಗುಜರಿಗೆ ಹಾಕಿದವನನ್ನ ಊರು ಏನಂತಾ ಕರೆಯುತ್ತೆ? ಟ್ಯಾಬ್ ವಿಷಯದಲ್ಲಿ ಮಾತ್ರ ನಾವೆಲ್ಲಾ ಬುದ್ಧಿವಂತರು ಅಂದ್ಕೊಂಡೇ ಆ ಕೆಲಸ ಮಾಡ್ತಿದೀವಿ.

ಈಗ ರಿಪೇರಿ ಮಾತು. ಇಲ್ಲಿ ಮೂರು ಪದ ಕಲಸಿ ಹೋಗಿವೆ, ಬಿಡಿಸಿ ಹೇಳ್ತೀನಿ.

ಒಂದು, ಬೂಟ್‌ಲೋಡರ್. ಟ್ಯಾಬ್ ಆನ್ ಮಾಡಿದ ತಕ್ಷಣ ಎಚ್ಚರ ಆಗೋ ಕಾವಲುಗಾರ. ಕಂಪನಿ ಸಹಿ ಇರೋ ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡಲ್ಲ. ಅದರ ಬೀಗ ತೆಗೆಯೋದೇ ಅನ್‌ಲಾಕ್. ಎರಡು, ಕಸ್ಟಮ್ ರಾಮ್. ಕಂಪನಿ ಕೊಟ್ಟ ಆಂಡ್ರಾಯ್ಡ್ ತೆಗೆದು, ಬೇರೆಯವರು ಕಟ್ಟಿದ ಹೊಸ ಆಂಡ್ರಾಯ್ಡ್ ಕೂರಿಸೋದು. ಲಿನಿಯೇಜ್ ಓಎಸ್ ಅಂಥದ್ದು. ಸಯಾನೋಜೆನ್‌ಮಾಡ್ ಅಂತ ಇತ್ತು, 2016ರ ಕೊನೆಗೆ ಅದು ನಿಂತಾಗ ಸ್ವಯಂಸೇವಕರು ಈ ಹೆಸರಲ್ಲಿ ಮುಂದುವರಿಸಿದ್ರು. ಮೂರು, ರೂಟ್. ಅಂದ್ರೆ ಒಳಗಿನ ಯಾವ ಕಡತ ಬೇಕಾದ್ರೂ ಮುಟ್ಟೋ ಯಜಮಾನ ಅಧಿಕಾರ.

ನಮಗೆ ಬೇಕಾಗಿರೋದು ಮೊದಲ ಎರಡು ಮಾತ್ರ. ಮೂರನೇದು ಬೇಡ. "ಒಂದೇ ಒತ್ತಿಗೆ ರೂಟ್" ಅಂತ ಬರೋ ಆಪ್‌ಗಳನ್ನ ಮುಟ್ಟಲೇಬೇಡಿ. ಮನೆ ರಿಪೇರಿಗೆ ಬಂದ ಅಪರಿಚಿತನ ಕೈಗೆ ತಿಜೋರಿ ಕೀಲಿ ಕೊಟ್ಟ ಹಾಗೆ ಅದು. ಮುನ್ನೂರು ರೂಪಾಯಿಗೆ ರೂಟ್ ಮಾಡಿಕೊಡ್ತೀನಿ ಅನ್ನೋ ಹುಡುಗರಿಗೂ ಇದೇ ಮಾತು.

ನಾನು ಮಾಡಿದ್ದು ಹೀಗೆ. ಮೊದಲು ಮಾಡೆಲ್ ನಂಬರ್ ಅಕ್ಷರ ಅಕ್ಷರ ನೋಡ್ಕೊಂಡೆ. ಒಂದೇ ಹೆಸರಿನ ಟ್ಯಾಬಲ್ಲಿ ವೈಫೈದು ಬೇರೆ, ಸಿಮ್ ಇರೋದು ಬೇರೆ. ಇದರದ್ದು ಅದಕ್ಕೆ ಹಾಕಿದ್ರೆ ಇಟ್ಟಿಗೆ ಆಗಿ ಕೂರುತ್ತೆ. ಫೋಟೋ, ಲೆಕ್ಕ ಎಲ್ಲಾ ಪೆನ್‌ಡ್ರೈವಿಗೆ ಇಳಿಸಿದೆ, ಯಾಕಂದ್ರೆ ಬೀಗ ತೆಗೆದಾಗ ಒಳಗಿರೋದು ಪೂರ್ತಿ ಅಳಿಸಿ ಹೋಗುತ್ತೆ. ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಡೆವಲಪರ್ ಆಯ್ಕೆಗಳು ತೆರೀತವೆ, ಅಲ್ಲಿ ಓಇಎಮ್ ಅನ್‌ಲಾಕ್ ಆನ್ ಮಾಡಿದೆ. ಚಾರ್ಜ್ ತುಂಬಿಸಿ, ಕಂಪ್ಯೂಟರಿಗೆ ಕೇಬಲ್ ಹಾಕಿ, ಬೀಗ ತೆಗೆದು, ಟಿಡಬ್ಲ್ಯೂಆರ್‌ಪಿ ಅನ್ನೋ ರಿಕವರಿ ಕೂರಿಸಿ, ಅದರ ಮೂಲಕ ಲಿನಿಯೇಜ್ ಹಾಕಿದೆ.

ಮೊದಲ ಸಲ ಕೆಟ್ಟಿತು. ಕಂಪನಿ ಚಿಹ್ನೆ ಬಂದು ಹೋಗಿ, ಬಂದು ಹೋಗಿ, ಒಂದು ಗಂಟೆ ಅದೇ. ಮನೆಯವಳು "ಇದ್ದಿದ್ದನ್ನೂ ಕಳ್ಕೊಂಡ್ರಿ" ಅಂದ್ಲು. ಹಳೇ ಡೇಟಾ ಫಾರ್ಮ್ಯಾಟ್ ಮಾಡದೆ ಹೊಸದು ಕೂರಿಸಿದ್ದೆ, ಹಳೇ ಬೇರು ಕೀಳದೆ ಹೊಸ ಸಸಿ ನೆಟ್ಟ ಹಾಗೆ. ಮಗಳು ಅದನ್ನ ಹುಡುಕಿ ಹೇಳಿದ್ಲು. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದ್ವಿ, ಎದ್ದು ಕೂತಿತು. ಈಗ ಅದರಲ್ಲಿರೋದು ಲಿನಿಯೇಜ್ 18.1, ಅಂದ್ರೆ ಆಂಡ್ರಾಯ್ಡ್ 11. ಸುಳ್ಳು ಹೇಳಲ್ಲ, ಹಿಂದಿನ ಕ್ಯಾಮೆರಾ ಸರಿಯಾಗಿ ಕೆಲಸ ಮಾಡಲ್ಲ. ನಾಲ್ಕು ಆಪ್ ಒಟ್ಟಿಗೆ ತೆರೆದ್ರೆ ಏದುಸಿರು ಬಿಡುತ್ತೆ. ಲೆಕ್ಕ, ಹವಾಮಾನ, ಪಂಪ್‌ಹೌಸ್ ನೋಡೋದು ಮೂರೂ ಚೆನ್ನಾಗಿ ನಡೀತಿದೆ. ಖರ್ಚು ಸೊನ್ನೆ.

ಈಗ ನನ್ನ ಸಿಟ್ಟಿಗೆ ಬರ್ತೀನಿ.

ಇದನ್ನ ನೋಡಿ ನನ್ನ ಭಾಮೈದ ತನ್ನ ಟ್ಯಾಬ್ ತಂದ. ಬೇರೆ ಕಂಪನಿಯದು. ವಯಸ್ಸು ಅಷ್ಟೇ, ರ‍್ಯಾಮ್ ಅಷ್ಟೇ, ಪರದೆ ನನ್ನದಕ್ಕಿಂತ ಚೆನ್ನಾಗಿದೆ. ಮೂರು ದಿನ ಕೂತೆ. ಆ ಕಂಪನಿ ಬೀಗ ತೆಗೆಯೋ ದಾರಿಯನ್ನೇ ಇಟ್ಟಿಲ್ಲ. ಆಯ್ಕೆ ಇಲ್ಲ, ಕೋಡ್ ಕೇಳೋಣ ಅಂದ್ರೆ ಕೊಡೋರಿಲ್ಲ. ಅಪ್‌ಡೇಟ್ ಕೊಡೋದನ್ನ ಅವರು ಎಂದೋ ನಿಲ್ಲಿಸಿದ್ರು. ತಾವೂ ನೋಡ್ಕೊಳ್ಳಲ್ಲ, ನಮ್ಮನ್ನೂ ಮುಟ್ಟೋಕೆ ಬಿಡಲ್ಲ. ಎರಡು ಟ್ಯಾಬ್‌ಗಳಲ್ಲಿ ಒಂದು ಬದುಕ್ತು, ಒಂದು ಅಟ್ಟ ಸೇರ್ತು. ವ್ಯತ್ಯಾಸ ಬೋರ್ಡಲ್ಲಿ ಇರ್ಲಿಲ್ಲ, ಬ್ಯಾಟರಿಯಲ್ಲಿ ಇರ್ಲಿಲ್ಲ. ಒಬ್ಬ ಬೀಗದ ಕೈ ಕೊಟ್ಟಿದ್ದ, ಇನ್ನೊಬ್ಬ ಕೊಟ್ಟಿರ್ಲಿಲ್ಲ.

ದುಡ್ಡು ಪೂರ್ತಿ ಕೊಟ್ಟು ಕೊಂಡ ಮನೆಗೆ ಹಳೇ ಮಾಲೀಕ ಬೀಗದ ಕೈ ತನ್ನ ಸೊಂಟದಲ್ಲೇ ಇಟ್ಕೊಂಡ್ರೆ ಅದನ್ನ ಕ್ರಯ ಅಂತೀವಾ? ಭೋಗ್ಯ ಅಂತೀವಿ. ಭೋಗ್ಯ ಆದ್ರೆ ಭೋಗ್ಯದ ದುಡ್ಡು ತಗೊಳ್ಳಿ, ಕ್ರಯದ ದುಡ್ಡು ಯಾಕೆ ತಗೊಂಡ್ರಿ?

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು.

"ಬೀಗ ಇರೋದು ನಿಮ್ಮ ಸುರಕ್ಷತೆಗೇ." ಒಪ್ಪಿದೆ. ಕಂಪನಿ ಕಾವಲು ಕಾಯೋವರೆಗೆ ಬೀಗ ಬೇಕು. ಕಾವಲು ಬಿಟ್ಟು ಹೋದ ಮೇಲೂ ಕೀಲಿ ಒಯ್ದರೆ ಅದು ಸುರಕ್ಷತೆ ಅಲ್ಲ. ಬೀಗ ತೆಗೆದಾಗ ಒಳಗಿರೋದೆಲ್ಲ ಅಳಿಸಿ ಹೋಗೋ ಏರ್ಪಾಡು ಇರೋದೇ ಕಳ್ಳನಿಗೆ ನಮ್ಮ ಮಾಹಿತಿ ಸಿಗದಿರಲಿ ಅಂತ. ಇದೇನು ಆಗದ ಕೆಲಸಾನೂ ಅಲ್ಲ. ಗೂಗಲ್‌ನ ನೆಕ್ಸಸ್ 7 ಅಂತ 2013ರ ಟ್ಯಾಬ್ ಇತ್ತು. ಕಂಪನಿ ಆಂಡ್ರಾಯ್ಡ್ 6ಕ್ಕೆ ಕೈ ಬಿಟ್ಟಿತು, ಆದ್ರೆ ಬೀಗ ತೆಗೆಯೋ ಆದೇಶವನ್ನ ಎಲ್ರಿಗೂ ತೆರೆದಿಟ್ಟಿತ್ತು. ಅದಕ್ಕೇ ಅದರ ಮೇಲೆ ಮುಂದಿನ ಆಂಡ್ರಾಯ್ಡ್‌ಗಳನ್ನ ಸ್ವಯಂಸೇವಕರು ವರ್ಷಗಟ್ಟಲೆ ಕಟ್ಟಿಕೊಟ್ರು.

"ವಾರಂಟಿ ಹೋಗುತ್ತೆ." ಹೊಸದಕ್ಕೆ ನಿಜ, ವಾರಂಟಿ ಇರೋದನ್ನ ಮುಟ್ಟಬೇಡಿ. ಎಂಟು ವರ್ಷದ ಟ್ಯಾಬಿಗೆ ಯಾವ ವಾರಂಟಿ?

"ಇದು ಕಳ್ಳತನ ಅಲ್ವಾ?" ಅಲ್ಲ. ಆಂಡ್ರಾಯ್ಡ್‌ನ ಮೂಲ ಭಾಗವನ್ನ ಯಾರು ಬೇಕಾದ್ರೂ ತಗೊಂಡು ತಿದ್ದಬಹುದು ಅಂತ ಪರವಾನಗಿಯಲ್ಲೇ ಬರೆದಿದೆ. ಅದರ ತಳದಲ್ಲಿರೋ ಲಿನಕ್ಸ್ ಕರ್ನಲ್ ಇನ್ನೂ ಬಿಗಿ. ಜಿಪಿಎಲ್ ಪರವಾನಗಿ ಪ್ರಕಾರ, ಸಾಧನ ಮಾರಿದ ಕಂಪನಿ ತಾನು ತಿದ್ದಿದ ಕರ್ನಲ್‌ನ ಮೂಲ ಕೋಡ್ ಕೇಳಿದವರಿಗೆ ಕೊಡಬೇಕು. ಹತ್ತು ಜನರ ಬೆವರಲ್ಲಿ ಬೆಳೆದದ್ದನ್ನ ಪುಕ್ಕಟೆ ತಗೊಂಡು, ಅದಕ್ಕೆ ಬೀಗ ಹಾಕಿ ನಮಗೆ ಮಾರೋದು ಕಂಪನಿ. ಕಳ್ಳ ಅನ್ನೋ ಮಾತು ನಮ್ಮ ಕಡೆ ತಿರುಗೋದು ವಿಚಿತ್ರ.

"ಬ್ಯಾಂಕ್ ಆಪ್ ನಡೆಯಲ್ಲ." ಇದು ಸರಿಯಾದ ಮಾತು, ಮುಚ್ಚಿಡಲ್ಲ. ಬೀಗ ತೆಗೆದ ಸಾಧನವನ್ನ ಎಷ್ಟೋ ಬ್ಯಾಂಕ್ ಆಪ್, ಯುಪಿಐ ಆಪ್ ಒಪ್ಪಲ್ಲ. ಒಪ್ಪಿದ್ರೂ ಹಾಕಬೇಡಿ. ದುಡ್ಡಿನ ವ್ಯವಹಾರ ಅಪ್‌ಡೇಟ್ ಬರೋ ಫೋನಲ್ಲಿ ಇರಲಿ. ಟ್ಯಾಬ್ ಲೆಕ್ಕಕ್ಕೆ, ತೂಕಕ್ಕೆ, ನೋಡೋಕೆ ಇರಲಿ. ಉಳೋ ಎತ್ತನ್ನ ಜಾತ್ರೆ ಮೆರವಣಿಗೆಗೆ ಕಟ್ಟಲ್ಲ ನಾವು.

ನಾವು ರೈತರು ಈ ಜಗಳವನ್ನ ಇದೇ ಮೊದಲು ನೋಡ್ತಿಲ್ಲ. ಬೀಜದಲ್ಲಿ ನೋಡಿದೀವಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 39ನೇ ಕಲಂ: ರೈತ ತಾನು ಬೆಳೆದ ಬೀಜ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಪಕ್ಕದವನಿಗೆ ಕೊಡಬಹುದು, ಮಾರಲೂಬಹುದು. ಬ್ರಾಂಡ್ ಹೆಸರಲ್ಲಿ ಮಾರೋ ಹಾಗಿಲ್ಲ ಅಷ್ಟೇ. ಕೊಂಡ ಬೀಜದ ಮೇಲೆ ಕೊಂಡವನಿಗೂ ಹಕ್ಕಿದೆ ಅಂತ ಈ ದೇಶ ಬರೆದಿಟ್ಟಿದೆ. ಟ್ಯಾಬಿಗೆ ಬೇರೆ ನ್ಯಾಯ ಯಾಕೆ?

ಟ್ರ್ಯಾಕ್ಟರಲ್ಲೂ ಇದೇ ಜಗಳ. ಅಮೆರಿಕದಲ್ಲಿ ಟ್ರ್ಯಾಕ್ಟರ್ ಒಳಗಿನ ಸಾಫ್ಟ್‌ವೇರಿಗೆ ಬೀಗ ಹಾಕಿ, ಕೊಯ್ಲಿನ ಹೊತ್ತಲ್ಲಿ ರೈತರನ್ನ ಡೀಲರ್ ಬಾಗಿಲಿಗೆ ನಿಲ್ಲಿಸಿದ್ರು. ಅಲ್ಲಿನ ರೈತರು ಗಲಾಟೆ ಮಾಡಿದ್ರು. 2023ರಲ್ಲಿ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾನೂನು ಮಾಡಿತು, 2024ರ ಜನವರಿ 1ರಿಂದ ಜಾರಿ. ಯುರೋಪಲ್ಲಿ 2025ರ ಜೂನ್ 20ರಿಂದ ಹೊಸ ಫೋನು, ಟ್ಯಾಬ್‌ಗಳಿಗೆ ಬಾಳಿಕೆ ನಿಯಮ ಬಂದಿದೆ. ಬಿಡಿಭಾಗ 7 ವರ್ಷ ಸಿಗಬೇಕು, ಕೊನೆಯ ಟ್ಯಾಬ್ ಮಾರುಕಟ್ಟೆಗೆ ಬಿಟ್ಟ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರಲ್ಲಿ ಕೃಷಿ ಉಪಕರಣವೂ ಇದೆ, ಮೊಬೈಲು ಎಲೆಕ್ಟ್ರಾನಿಕ್ಸೂ ಇದೆ. ಒಳ್ಳೇದೇ. ಆದ್ರೆ ಪೋರ್ಟಲ್ ಅಂದ್ರೆ ಕಾನೂನಲ್ಲ. ಕೇಳಬೇಕಾದ್ದು ಒಂದೇ ಸಾಲು: ಅಪ್‌ಡೇಟ್ ನಿಲ್ಲಿಸೋ ದಿನ ಬೀಗದ ಕೈ ಕೊಂಡವನಿಗೆ ಕೊಡಿ. ಕಂಪನಿಗೆ ಇದರಿಂದ ಒಂದು ಪೈಸೆ ಖೋತಾ ಇಲ್ಲ, ಹೊಸದು ಮಾರೋ ಆಸೆ ಒಂದು ಬಿಟ್ಟು.

ಭಾನುವಾರ ನಾನು ಮೂರು ಮಾತು ಇಡ್ತೀನಿ.

ಮೊದಲನೇದು, ಬೀರುವಿನಲ್ಲಿರೋ ಎಂಟೂ ಟ್ಯಾಬ್‌ಗಳನ್ನ ಗುಜರಿಗೆ ಕೊಡೋ ಮುಂಚೆ ಒಂದು ವಾರ ನನಗೆ ಕೊಡಿ. ಬೀಗ ತೆರೆಯುತ್ತಾ, ಆ ಮಾಡೆಲ್‌ಗೆ ಯಾರಾದ್ರೂ ರಾಮ್ ಕಟ್ಟಿದಾರಾ, ಬ್ಯಾಟರಿ ಉಬ್ಬಿದೆಯಾ ನೋಡಿ ಬರಹದಲ್ಲಿ ಕೊಡ್ತೀನಿ. ಬ್ಯಾಟರಿ ಉಬ್ಬಿರೋದನ್ನ ಯಾರೂ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತುತ್ತೆ. ಎಂಟರಲ್ಲಿ ಐದು ಉಳಿದ್ರೂ 70 ಸಾವಿರ ಉಳೀತು. ನಮ್ಮ ತೂಕದ ಯಂತ್ರ ಎಷ್ಟು ಸಲ ಕೈ ಕೊಟ್ಟಿದೆ ಅಂತ ನಿಮಗೇ ಗೊತ್ತು, ಆ ದುಡ್ಡು ಅದಕ್ಕೆ ಹೋಗಲಿ.

ಎರಡನೇದು, ಹೊಸದು ಕೊಳ್ಳಲೇಬೇಕಾದ್ರೆ ಕೊಟೇಶನ್ ಕೇಳೋ ಕಾಗದದಲ್ಲೇ ಎರಡು ಪ್ರಶ್ನೆ ಬರೀರಿ. ಅಪ್‌ಡೇಟ್ ಯಾವ ವರ್ಷದವರೆಗೆ? ಬೂಟ್‌ಲೋಡರ್ ಬೀಗ ತೆರೆಯೋಕೆ ಕಂಪನಿ ಬಿಡುತ್ತಾ? ಉತ್ತರ ಬರಹದಲ್ಲಿ ಕೊಡದವರ ಹತ್ರ ಕೊಳ್ಳೋದು ಬೇಡ, ನೂರು ರೂಪಾಯಿ ಕಡಿಮೆ ಇದ್ರೂ ಬೇಡ.

ಮೂರನೇದು, ಬೀಗದ ಕೈ ಕೊಡದ ಕಂಪನಿ ಮೇಲೆ ನಮ್ಮ ಲೆಟರ್‌ಹೆಡ್‌ನಲ್ಲಿ ದೂರು ಹೋಗಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಒಬ್ಬನ ದೂರನ್ನ ಯಾರೂ ಲೆಕ್ಕಕ್ಕೆ ಇಡಲ್ಲ ಅಂತಲೇ ಅಲ್ವಾ ನಾವು ಕಂಪನಿ ಕಟ್ಟಿದ್ದು?

ಮನೇಲಿ ಹಳೇ ಟ್ಯಾಬ್ ಇದ್ದವರು ತೋಟಕ್ಕೆ ತನ್ನಿ. ಮಾಡೆಲ್ ನಂಬರು, ಒಳ್ಳೆ ಕೇಬಲ್ಲು, ಜೊತೆಗೆ ಕಲಿಯೋ ಮನಸ್ಸಿರೋ ಮಕ್ಕಳು ಬಂದ್ರೆ ಸಾಕು. ಬದುಕೋದಾದ್ರೆ ಬದುಕಿಸೋಣ, ಆಗಲ್ಲ ಅಂದ್ರೆ ಆಗಲ್ಲ ಅಂತ ನೇರ ಹೇಳ್ತೀನಿ. ಭಾಮೈದನ ಟ್ಯಾಬನ್ನೂ ಭಾನುವಾರ ತರ್ತೀನಿ. ಪರದೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಕೆಲಸಕ್ಕೆ ಬರಲ್ಲ. ಎಲ್ರೂ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಠರಾವಿಗೆ ಕೈ ಎತ್ತಿ.