ಬಿ.ಪಿ. 138: ಮಾತ್ರೆಯೋ, ಉಪ್ಪಿನ ಡಬ್ಬಿಯೋ?

ಅಮೃತಾಪುರ: ಮನೆ ಬಾಗಿಲಿಗೇ ಬಂದು ಬಿ.ಪಿ. ನೋಡುವ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಗಿ, 2025ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. 30 ದಾಟಿದವರಿಗೆಲ್ಲ ತಪಾಸಣೆ. ಒಳ್ಳೇದೇ. ಆದರೆ ಚೀಟಿಯಲ್ಲಿ 138/86 ಎಂದು ಬಂದರೆ ಗಲ್ಲಾದಲ್ಲಿ ಕೂತವರು ಏನು ಮಾಡಬೇಕು? ಮಾತ್ರೆ ನುಂಗಬೇಕೋ, ಸುಮ್ಮನಿರಬೇಕೋ?

ದೊಡ್ಡವರಲ್ಲೇ ಒಮ್ಮತವಿಲ್ಲ. ಅಮೆರಿಕದ ಹೃದ್ರೋಗ ತಜ್ಞರು 2017ರಲ್ಲಿ ರೋಗದ ಗೆರೆಯನ್ನು 130/80ಕ್ಕೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 140/90 ಮುಟ್ಟಿದರೆ ಮಾತ್ರೆ ಎಂದಿತು. ಹೃದಯ, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ 130ರಿಂದಲೇ. ಅದೇ 138 ಒಬ್ಬರ ಲೆಕ್ಕದಲ್ಲಿ ರೋಗ, ಇನ್ನೊಬ್ಬರ ಲೆಕ್ಕದಲ್ಲಿ ಬರೀ ಎಚ್ಚರಿಕೆ!

ತರೀಕೆರೆ ಬಸ್ಸಿಳಿದು ಓಡಿ ಬಂದು, ಕಾಫಿ ಕುಡಿದು, ಮಾತಾಡುತ್ತಲೇ ತೋಳು ಚಾಚಿದರೆ ಬಿ.ಪಿ. ಏರದೆ ಇನ್ನೇನು? ಐದು ನಿಮಿಷ ತೆಪ್ಪಗೆ ಕೂತು, ಬೇರೆ ಬೇರೆ ದಿನ ನೋಡಿಸಬೇಕು. ಆಮೇಲೂ 130ರ ಮೇಲೇ ನಿಂತರೆ, ಬೇರೆ ಕಾಯಿಲೆ ಇಲ್ಲದವರು ಮೊದಲು ಮೂರು ತಿಂಗಳು ಉಪ್ಪು ಹಿಡಿಯಲಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲಾ ಅದರೊಳಗೇ ಬಂತು! ಗಲ್ಲಾ ಬಿಟ್ಟೇಳದವರು ದಿನಾ ಅರ್ಧ ಗಂಟೆ ಅಮೃತೇಶ್ವರ ಗುಡಿ ಕಡೆ ನಡೆಯಲಿ. ಬೀಡಿ, ಕುಡಿತದ ಮಾತು ಹೇಳಬೇಕಾಗಿಲ್ಲ.

140 ಮುಟ್ಟಿ ಅಲ್ಲೇ ನಿಂತರೆ ಮಾತು ಬೇರೆ. “ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ” ಎಂಬ ಕಟ್ಟೆ ಮಾತು ಕೇಳಿ ದಿನ ತಳ್ಳಿದರೆ ಲಕ್ವಕ್ಕೆ ದಾರಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ನಾರ್ಮಲ್ ಬಂತೆಂದು ತಾವೇ ನಿಲ್ಲಿಸುವವರೂ ಉಂಟು. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ. ಕಡಿಮೆ ಮಾಡುವುದಿದ್ದರೆ ಡಾಕ್ಟರು ನೋಡಿ ಹೇಳಲಿ.