ಬಯಲುಸೀಮೆಯ ದ್ವೀಪದಲ್ಲಿ ವಸಂತಯಾತ್ರೆ

ದ್ವೀಪವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ಬರುವುದು ಕಡಲು, ಕಡಿದಾದ ಬಂಡೆ, ದೋಣಿ, ಮತ್ತು ಮೇಲೆ ಹಾರಾಡುವ ಹಕ್ಕಿಗಳು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟು ನೇತ್ರಾಣಿಯ ಬಂಡೆಗೋಡೆಯನ್ನೂ ಅದರ ಮೇಲೆ ತೇಲುವ ಬಿಳಿಹೊಟ್ಟೆಯ ಕಡಲಹದ್ದನ್ನೂ ಕಂಡವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಆದರೆ ಕಡಲಿನಿಂದ ನೂರಾರು ಕಿಲೋಮೀಟರು ಒಳಗಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿಯೂ ಒಂದು ದ್ವೀಪವಿದೆ, ವಸಂತಕಾಲದಲ್ಲಿ ಅದನ್ನು ನೋಡಲು ಹೋಗುವ ರೀತಿಯ ಬಗೆಗೆ ನಾವು ಈಗಲೇ ಒಂದು ನಿರ್ಧಾರಕ್ಕೆ ಬರಬೇಕು ಎಂದರೆ ವಾಚಕರು ನಕ್ಕಾರು. ನಗುವ ಮುನ್ನ ನಮ್ಮ ಮಾತನ್ನು ಸ್ವಲ್ಪ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ಈ ಸೀಮೆಗೆ ಸಮುದ್ರವೇನೂ ಹೊಸದಲ್ಲ. ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಾಸಿರುವ ಶಹಾಬಾದಿನ ಕಲ್ಲು ಐವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು. ವಾಡಿ, ಸೇಡಂಗಳ ಸಿಮೆಂಟಿನ ಕಾರ್ಖಾನೆಗಳು ಅರೆಯುವುದೂ ಅದನ್ನೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉತ್ತರದ ಕಡೆಯಿಂದ ಲಾವಾ ಹರಿದು ಬಂದು ಹಾಸುಹಾಸಾಗಿ ಹೆಪ್ಪುಗಟ್ಟಿತು. ಆ ಕಪ್ಪು ಶಿಲೆ ಕರಗಿ ಆದ ಎರೆಭೂಮಿಯಲ್ಲಿ ಇಂದು ತೊಗರಿ ಬೆಳೆಯುತ್ತದೆ. ಅಂದಿನ ಸಮುದ್ರ ಹೋಯಿತು. ಅದರ ಬದಲಾಗಿ ಹೊಲಗಳ ಸಮುದ್ರ ಬಂದಿತು. ಈ ಹೊಲಗಳ ನಡುವೆ, ತೆಲಂಗಾಣದ ಗಡಿಗೆ ಸಮೀಪದಲ್ಲಿ, ತಲೆಯೆತ್ತಿ ನಿಂತಿರುವ ಕಾಡುಗುಡ್ಡಗಳ ಗುಂಪೇ ನಾವು ಹೇಳುವ ದ್ವೀಪ. ಅದು ಚಿಂಚೋಳಿಯ ವನ್ಯಜೀವಿಧಾಮ.

2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಕಾಡಿನ ವಿಸ್ತಾರ 134.88 ಚದರ ಕಿಲೋಮೀಟರು. ಒಣಸೀಮೆಯ ನಡುವೆ ಇಂಥ ಕಾಡು ಉಳಿದಿರುವುದೇ ಒಂದು ಸೋಜಿಗ. ಎಲೆ ಉದುರಿಸುವ ಮರಗಳು, ಜಾಲಿಯ ಜಾತಿಯ ಮುಳ್ಳುಗಿಡಗಳು, ತೇಗ, ರಕ್ತಚಂದನ ಇಲ್ಲಿವೆ. ಚಂದ್ರಂಪಳ್ಳಿಯದೂ ಸೇರಿ ಸಣ್ಣ ಸಣ್ಣ ಜಲಾಶಯಗಳಿವೆ. ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ, ತೋಳ, ಕತ್ತೆಕಿರುಬ, ನರಿಗಳು ಈ ಕಾಡಿನ ಒಕ್ಕಲು. ಕಾಡಿನ ಒಳಗೂ ಅಂಚಿನಲ್ಲಿಯೂ ಲಂಬಾಣಿಗರ ತಾಂಡೆಗಳಿವೆ. ಈ ಕಡೆಯ ಮಾತನ್ನು ನಾವು ಮುಂದೆ ಮತ್ತೆ ಎತ್ತಿಕೊಳ್ಳುವೆವು.

ಇದನ್ನು ದ್ವೀಪವೆಂದು ಕರೆದುದು ಕವಿಯ ಅಲಂಕಾರವಲ್ಲ. 1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ದ್ವೀಪಗಳ ಜೀವಿಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ದ್ವೀಪವು ಚಿಕ್ಕದಾದಷ್ಟೂ ಅಲ್ಲಿಯ ಜಾತಿಗಳು ಬೇಗ ಅಳಿಯುತ್ತವೆ, ಹೆನ್ನೆಲದಿಂದ ದೂರವಾದಷ್ಟೂ ಅಳಿದವುಗಳ ಸ್ಥಾನಕ್ಕೆ ಹೊಸಬರು ಬರುವುದು ತಡವಾಗುತ್ತದೆ ಎಂಬುದು ಅವರ ವಾದದ ಸಾರ. ನೀರಿನಿಂದ ಸುತ್ತುವರಿದ ನೆಲಕ್ಕೆ ಹೇಳಿದ ಈ ಮಾತು ಹೊಲಗಳಿಂದ ಸುತ್ತುವರಿದ ಕಾಡಿಗೂ ಬಹುಮಟ್ಟಿಗೆ ಸಲ್ಲುವುದೆಂದು ಮುಂದೆ ತಿಳಿದುಬಂದಿತು. ಪನಾಮಾ ಕಾಲುವೆಗಾಗಿ ನದಿಗೆ ಕಟ್ಟೆ ಕಟ್ಟಿದಾಗ, 1914ರ ಸುಮಾರಿಗೆ, ಒಂದು ಕಾಡುಗುಡ್ಡದ ಸುತ್ತ ನೀರು ತುಂಬಿ ಅದು ಬಾರೋ ಕೊಲರಾಡೋ ಎಂಬ ದ್ವೀಪವಾಯಿತು. ಕಾಡನ್ನು ಯಾರೂ ಕಡಿಯಲಿಲ್ಲ, ಬೇಟೆಯನ್ನು ತಡೆದರು. ಆದರೂ ಅಲ್ಲಿಯ ಹಲವು ಜಾತಿಯ ಹಕ್ಕಿಗಳು ಕಾಲಕ್ರಮದಲ್ಲಿ ಇಲ್ಲವಾದುವು. ದೊಡ್ಡ ಕಾಡಿನಲ್ಲಿ ಒಂದು ತೋಳದ ಮರಿಗಳು ಸತ್ತರೆ ನಷ್ಟವನ್ನು ಅಕ್ಕಪಕ್ಕದವು ತುಂಬಿಕೊಡುತ್ತವೆ. ದ್ವೀಪದಲ್ಲಿ ಅಂಥ ಅಕ್ಕಪಕ್ಕವಿಲ್ಲ. ಚಿಂಚೋಳಿಯಲ್ಲಿ ಆಗುವ ಒಂದೊಂದು ನಷ್ಟಕ್ಕೂ ಈ ಕಾರಣದಿಂದಲೇ ಹೆಚ್ಚಿನ ತೂಕವಿದೆ.

ಇನ್ನು ವಸಂತದ ಮಾತು. ಪ್ರಾಣಿಗಳನ್ನು ನೋಡಬೇಕೆನ್ನುವವರಿಗೆ ಫಾಲ್ಗುಣ ಚೈತ್ರಗಳಿಗಿಂತ ಒಳ್ಳೆಯ ಕಾಲವಿಲ್ಲ. ತೊಗರಿಯ ಒಕ್ಕಣೆ ಮುಗಿದು ಹೊಲಗಳು ಬೋಳಾಗಿರುತ್ತವೆ. ಕಾಡಿನ ಮರಗಳೂ ಎಲೆಯುದುರಿಸಿ ನೋಟಕ್ಕೆ ದಾರಿ ಬಿಟ್ಟಿರುತ್ತವೆ. ಎಲೆಯಿಲ್ಲದ ಮುತ್ತುಗದ ಕೊಂಬೆಗಳಲ್ಲಿ ಕೆಂಡದಂಥ ಹೂಗಳು; ಹೂಗಳ ಮಕರಂದಕ್ಕೆ ಕಾಜಾಣ, ಗೊರವಂಕ, ಸೂರಕ್ಕಿಗಳ ಜಗಳ. ಹಳ್ಳಗಳು ಬತ್ತುತ್ತ ಬಂದು ನೀರು ಅಲ್ಲಲ್ಲಿಯ ಮಡುಗಳಲ್ಲಿ ಮಾತ್ರ ಉಳಿದಿರುವುದರಿಂದ, ಮಳೆಗಾಲದಲ್ಲಿ ಕಾಡೆಲ್ಲ ಚೆದರಿದ್ದ ಜೀವಗಳು ಈಗ ಅಲ್ಲಿಗೇ ಬರಬೇಕು. ತಾಳ್ಮೆಯಿಂದ ಕುಳಿತವನಿಗೆ ಕಾಣದಿರುವುದು ಕಡಮೆ.

ಆದರೆ ಯಾವ ಕಾರಣದಿಂದ ವಸಂತವು ಪ್ರೇಕ್ಷಕನಿಗೆ ಅನುಕೂಲವೋ ಅದೇ ಕಾರಣದಿಂದ ಅದು ಪ್ರಾಣಿಗಳಿಗೆ ಕಷ್ಟಕಾಲ. ಉಳಿದಿರುವ ಒಂದೇ ಮಡುವಿನ ಬಳಿ ಮನುಷ್ಯರು ನಿಂತರೆ ಬಾಯಾರಿದ ಮೃಗಕ್ಕೆ ಇನ್ನೊಂದು ಮಡುವಿಲ್ಲ. ಚಳಿಗಾಲದಲ್ಲಿ ಹುಟ್ಟಿದ ತೋಳದ ಮರಿಗಳು ಇನ್ನೂ ಗವಿಯ ಆಸರೆಯನ್ನು ಬಿಡದ ಕಾಲ ಇದು. ಗವಿಯ ಹತ್ತಿರ ಜನರ ಸುಳಿವು ಸಿಕ್ಕಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದುಂಟು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಕಾಲವೂ ಇದೇ. ಒಣಗಿದ ತರಗು ಒಂದು ಬೀಡಿಯ ತುಂಡಿಗೆ ಕಾದು ಬಿದ್ದಿರುವ ಕಾಲವೂ ಇದೇ.

ಈ ವಿಷಯದಲ್ಲಿ ನಮಗೆ ಪಾಠ ಹೇಳಿದವನು ಒಬ್ಬ ತಾಂಡೆಯ ಯುವಕ. ಯುಗಾದಿಗೆ ಕೆಲವು ದಿನ ಮೊದಲು ನಾವು ಚಂದ್ರಂಪಳ್ಳಿಯ ಜಲಾಶಯದ ಕಲ್ಲುನೆಲದಲ್ಲಿ ಅವನ ಹಿಂದೆ ನಡೆಯುತ್ತಿದ್ದೆವು. ಹೊತ್ತು ಏರಿದ್ದಿತು. ಟಿಟ್ಟಿಭವೊಂದು ನಮ್ಮ ತಲೆಯ ಮೇಲೆ ಕೂಗುತ್ತ ಸುತ್ತತೊಡಗಿತು. ಅವನು ಥಟ್ಟನೆ ಕೈ ಅಡ್ಡ ಹಿಡಿದು, “ಸಾಹೇಬ್ರ, ಅಲ್ಲೇ ನಿಂದರ್ರಿ. ಮುಂದ ಹೆಜ್ಜಿ ಇಡಬ್ಯಾಡ್ರಿ, ತತ್ತಿ ಅದಾವ” ಎಂದನು. ನಾಲ್ಕು ಮಾರು ದೂರದಲ್ಲಿ ಬೆಣಚುಕಲ್ಲುಗಳ ನಡುವೆ ಕಲ್ಲಿನ ಬಣ್ಣದವೇ ಆದ ನಾಲ್ಕು ಮೊಟ್ಟೆಗಳಿದ್ದುವು. ಅವನು ತೋರಿಸದಿದ್ದರೆ ನಾವು ಅವುಗಳ ಮೇಲೆಯೇ ಕಾಲಿಡುತ್ತಿದ್ದೆವು. ನಮಗೆ ಸಂತೋಷವಾಗಿ ಅಲ್ಲಿಯೇ ನಿಂತು ನೋಡಬೇಕೆನಿಸಿತು. ಜೊತೆಯವರೊಬ್ಬರು ಕ್ಯಾಮರವನ್ನೂ ತೆಗೆದರು. ಅವನು ಒಪ್ಪಲಿಲ್ಲ. “ನಾವು ಇಲ್ಲಿ ನಿಂತಷ್ಟು ಹೊತ್ತು ತಾಯಿ ತತ್ತಿ ಬಿಸಿಲಾಗ ಬಿಟ್ಟಿರ್ತದ್ರಿ. ನಡ್ರಿ ಹಿಂದಕ” ಎಂದು ನಮ್ಮನ್ನು ತಿರುಗಿಸಿಯೇ ಬಿಟ್ಟನು.

ಅವನ ಮಾತಿನಲ್ಲಿ ಅಚ್ಚುಕಟ್ಟಾದ ವಿಜ್ಞಾನವಿದ್ದಿತು. ಚಳಿದೇಶಗಳ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಅದನ್ನು ಬೆಚ್ಚಗಿಡಲು. ನಮ್ಮ ಬಿಸಿಲುಸೀಮೆಯ ಟಿಟ್ಟಿಭವಾದರೋ ಹಗಲಿನಲ್ಲಿ ಬಹಳ ಹೊತ್ತು ಕೂರುವುದು ಮೊಟ್ಟೆಯನ್ನು ತಂಪಾಗಿಡಲು. ತಾಯಿತಂದೆಗಳು ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ಒದ್ದೆ ಮಾಡುವುದನ್ನು ಪಕ್ಷಿಶಾಸ್ತ್ರಜ್ಞರು ಕಂಡಿದ್ದಾರೆ. ಬೇಸಗೆಯ ಹಗಲಿನಲ್ಲಿ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯಲ್ಲಿ ಬಿಸಿಲುಂಡ ಕಲ್ಲಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ನೆರಳು ಕೊಡುವ ಹಕ್ಕಿ ಸ್ವಲ್ಪ ಹೊತ್ತು ದೂರವಾದರೆ ಒಳಗಿನ ಭ್ರೂಣ ಬೆಂದುಹೋಗಬಹುದು. ಎಂದಮೇಲೆ, ಮುಟ್ಟದೆ, ತುಳಿಯದೆ, ಬರಿಯ ಪ್ರೀತಿಯಿಂದ ನೋಡುತ್ತ ನಿಂತವನೂ ಒಂದು ಸಂಸಾರವನ್ನು ಹಾಳುಮಾಡಬಲ್ಲನು. ಮನೆಗೆ ಹೋಗಿ “ಹಕ್ಕಿ ಎಷ್ಟು ಧೈರ್ಯವಾಗಿ ನಮ್ಮ ಹತ್ತಿರವೇ ಹಾರಾಡುತ್ತಿತ್ತು!” ಎಂದು ವರ್ಣಿಸುವನು.

ಹಾಗಾದರೆ ವಸಂತದಲ್ಲಿ ಯಾರನ್ನೂ ಒಳಗೆ ಬಿಡಬಾರದೆನ್ನುವ ವಾದವಿದೆ. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕಾಡುಕಿಚ್ಚಿನ ಭಯ ಹೆಚ್ಚಾದ ದಿನಗಳಲ್ಲಿ ಬಾಗಿಲು ಹಾಕುವುದೇ ಸರಿ. ಆದರೆ ವಸಂತವಿಡೀ ಬಾಗಿಲು ಹಾಕಿದ ಕಾಡಿಗೆ ಗೆಳೆಯರಿರುವುದಿಲ್ಲ. ವಾಡಿಯಲ್ಲಿ ರೈಲು ಬದಲಾಯಿಸುವ ಸಾವಿರಾರು ಮಂದಿಗೆ, ಶಹಾಬಾದಿನ ಗಣಿಗಳಲ್ಲಿ ಕಲ್ಲು ಸೀಳುವವರಿಗೆ, ಸೇಡಂ ಚಿತ್ತಾಪುರಗಳ ಶಾಲೆಯ ಮಕ್ಕಳಿಗೆ ತಮ್ಮ ನೆರೆಯಲ್ಲಿ ಕೊಂಡುಕುರಿಯ ಕಾಡೊಂದಿದೆಯೆಂಬುದು ತಿಳಿಯದಿದ್ದರೆ, ನಾಳೆ ಆ ಕಾಡಿಗೆ ಒಂದು ಕುತ್ತು ಬಂದಾಗ ಅದರ ಪರವಾಗಿ ಮಾತನಾಡುವವರು ಯಾರು? ಸಿಂಹ, ಆನೆಗಳನ್ನು ಕುರಿತು ಪುಸ್ತಕದಲ್ಲಿ ಓದಿದ ಮಗು ತನ್ನ ತಾಲ್ಲೂಕಿನ ತೋಳವನ್ನು ಕಥೆಯ ದುಷ್ಟನೆಂದು ಮಾತ್ರ ಬಲ್ಲದು. ಇದು ಕಾಡಿಗೂ ಮಗುವಿಗೂ ನಷ್ಟ.

ಇತರ ದೇಶಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆಯನ್ನು ನೋಡೋಣ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಕರಾವಳಿಗೆ ಅನತಿದೂರದಲ್ಲಿ ಸ್ಕೋಮರ್ ಎಂಬ ಬಂಡೆಗಲ್ಲಿನ ದ್ವೀಪವಿದೆ. ವಿಸ್ತಾರ ಮೂರು ಚದರ ಕಿಲೋಮೀಟರಿಗೂ ಕಡಮೆ. ವಸಂತ ಬಂದಿತೆಂದರೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳೂ ಲಕ್ಷಗಟ್ಟಲೆ ಶಿಯರ್‌ವಾಟರ್ ಹಕ್ಕಿಗಳೂ ಅಲ್ಲಿಯ ನೆಲದೊಳಗೆ ಬಿಲಗಳಲ್ಲಿ ಮೊಟ್ಟೆಯಿಡುತ್ತವೆ. ಹಾದಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಬಿಲ ಕುಸಿಯುತ್ತದೆ. ಅಲ್ಲಿಯವರು ದ್ವೀಪವನ್ನು ಮುಚ್ಚಲಿಲ್ಲ. ದಿನಕ್ಕೆ ಇಳಿಯುವವರ ಸಂಖ್ಯೆಯನ್ನು 250ಕ್ಕೆ ಮಿತಗೊಳಿಸಿದರು. ಗುರುತು ಮಾಡಿದ ಹಾದಿಯನ್ನು ಬಿಡಕೂಡದೆಂದು ಕಟ್ಟುಮಾಡಿದರು. 1959ರಲ್ಲಿ ರಾಷ್ಟ್ರೀಯ ಉದ್ಯಾನವಾದ ಗಲಪಗಾಸ್ ದ್ವೀಪಗಳಲ್ಲಿ ನಿಯಮ ಇನ್ನೂ ಬಿಗಿ: ಅನುಮತಿ ಪಡೆದ ಮಾರ್ಗದರ್ಶಕನಿಲ್ಲದೆ ಯಾತ್ರಿಕನು ಉದ್ಯಾನದ ಬಹುಭಾಗದಲ್ಲಿ ಕಾಲಿಡುವಂತಿಲ್ಲ. ಒಬ್ಬ ಮಾರ್ಗದರ್ಶಕನ ಹಿಂದೆ ಹೋಗುವವರ ಸಂಖ್ಯೆಗೂ ಮಿತಿಯುಂಟು. ನೋಡುವ ಹಕ್ಕನ್ನು ಕಸಿಯದೆ ನೋಡುವ ರೀತಿಯನ್ನು ಕಟ್ಟಿಗೊಳಪಡಿಸಿದುದೇ ಈ ಎರಡು ಕಡೆಯ ಜಾಣ್ಮೆ.

ಇದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಚಿಂಚೋಳಿಯ ವಸಂತಯಾತ್ರೆಯ ಯಜಮಾನನು ಯಾತ್ರಿಕನಲ್ಲ, ಮಾರ್ಗದರ್ಶಕನು. ಆತನಿಗೆ ಗುಂಪನ್ನು ನಿಲ್ಲಿಸುವ, ಹಾದಿಯನ್ನು ಬದಲಿಸುವ, ಬೇಕಾದರೆ ಎಲ್ಲರನ್ನೂ ಹಿಂದಕ್ಕೆ ಕರೆತರುವ ಅಧಿಕಾರವಿರಬೇಕು. ಹಾಗೆ ಕರೆತಂದುದಕ್ಕಾಗಿ ಆತನ ಸಂಬಳದಲ್ಲಿ ಒಂದು ಕಾಸೂ ಕಡಮೆಯಾಗಕೂಡದು. ಪ್ರಾಣಿಯನ್ನು ತೋರಿಸಿದ್ದಕ್ಕೆ ಇನಾಮು ಕೊಡುವ ಪದ್ಧತಿ ಎಲ್ಲಿದೆಯೋ ಅಲ್ಲಿ ಮಾರ್ಗದರ್ಶಕನು ಗವಿಯ ಬಾಯಿಯವರೆಗೂ ಕರೆದೊಯ್ಯುವ ಆಸೆಗೆ ಬೀಳುವನು. ತಪ್ಪು ಆತನದಲ್ಲ, ಇನಾಮಿನದು. ಗುಂಪು ಚಿಕ್ಕದಾಗಿರಲಿ. ಸಾಧ್ಯವಾದಷ್ಟೂ ಕಾಲ್ನಡಿಗೆಯೇ ಇರಲಿ. ಮಡುವಿನ ದಂಡೆಗೆ ಹೋಗದೆ ದೂರದ ಮರೆಯಿಂದ ದುರ್ಬೀನಿನಲ್ಲಿ ನೋಡುವುದು ವಾಡಿಕೆಯಾಗಲಿ. ಧ್ವನಿಮುದ್ರಿಕೆಯಿಂದ ಹಕ್ಕಿಯ ಕೂಗನ್ನು ಕೇಳಿಸಿ ಅದನ್ನು ಕರೆಯುವ ಚಾಳಿ ಗೂಡು ಕಟ್ಟುವ ಕಾಲದಲ್ಲಂತೂ ಖಂಡಿತ ಕೂಡದು. ಇಲ್ಲದ ಶತ್ರುವಿನೊಡನೆ ಕಾದಾಡಲು ಹಕ್ಕಿಯು ತನ್ನ ಗೂಡನ್ನು ಬಿಟ್ಟು ಬರುತ್ತದೆ.

ಆ ಮಾರ್ಗದರ್ಶಕನು ತಾಂಡೆಯವನೇ ಆಗಿರಬೇಕೆಂಬುದು ನಮ್ಮ ಎರಡನೆಯ ಮಾತು. ಕಾಡು ವನ್ಯಜೀವಿಧಾಮವಾದಾಗ ಮೊದಲು ಬಿಗಿಯಾಗುವುದು ಅದರ ಮಡಿಲಲ್ಲಿರುವವರ ಬದುಕು: ದನ ಮೇಯಿಸುವ ನೆಲ, ಒಲೆಯ ಸೌದೆ, ನಡೆದಾಡುವ ಕಾಲುದಾರಿ. ರಕ್ಷಣೆಯ ಭಾರವನ್ನು ಹೊತ್ತವರು ಅವರು, ನೋಟದ ಆನಂದವನ್ನು ಉಣ್ಣುವವರು ಊರಿನವರು ಎಂದಾದರೆ ಈ ವ್ಯವಸ್ಥೆ ಬಹುಕಾಲ ನಿಲ್ಲದು. ನಿಲ್ಲುವುದು ನ್ಯಾಯವೂ ಅಲ್ಲ. ಓದದ ಹುಡುಗರಿಂದ ವಿಜ್ಞಾನ ಹೇಳಿಸುವುದು ಸಾಧ್ಯವೇ ಎಂದು ಕೆಲವರು ಹುಬ್ಬೇರಿಸುವರು. ಕಲಿಸಬೇಕಾದುದು ನಿಜವಾಗಿಯೂ ಉಂಟು: ಜಾತಿಗಳ ಶಾಸ್ತ್ರೀಯ ವಿಂಗಡಣೆ, ಲೆಕ್ಕವಿಡುವ ಕ್ರಮ, ತಿಳಿಯದುದನ್ನು ತಿಳಿಯದೆನ್ನುವ ಪ್ರಾಮಾಣಿಕತೆ. ಇವನ್ನು ಒಂದು ಮಳೆಗಾಲದಲ್ಲಿ ಕಲಿಸಬಹುದು. ಆದರೆ ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆಗಳನ್ನು ಕಾಣುವ ಕಣ್ಣನ್ನು ಯಾವ ಕಾಲೇಜೂ ಅಷ್ಟು ಬೇಗ ಕೊಡಲಾರದು.

ಮೂರನೆಯದಾಗಿ, ಪ್ರತಿಯೊಂದು ಯಾತ್ರೆಯೂ ಒಂದು ಪುಟದ ಬರೆಹವನ್ನು ಹಿಂದೆ ಬಿಡಲಿ. ಮೊದಲ ಮುತ್ತುಗ ಅರಳಿದ ದಿನ, ಮಡುವಿನ ನೀರಿನ ಮಟ್ಟ, ಕಂಡ ಹಕ್ಕಿಗಳ ಎಣಿಕೆ, ಮುಚ್ಚಿದ ಹಾದಿಗಳು — ಇಷ್ಟನ್ನು ಶಾಲೆಯ ಮಕ್ಕಳೂ ಬರೆಯಬಲ್ಲರು. ಹತ್ತು ವಸಂತಗಳ ಇಂಥ ಪುಟಗಳು ಕೂಡಿದರೆ ಈ ದ್ವೀಪದಲ್ಲಿ ಯಾವುದು ಹೆಚ್ಚುತ್ತಿದೆ, ಯಾವುದು ಸದ್ದಿಲ್ಲದೆ ಜಾರಿಹೋಗುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಈ ಯಾತ್ರೆಯ ಮೊದಲ ಸ್ಥಾನಗಳನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳಿಗೆ ಮೀಸಲಿಡಬೇಕೆಂದು ನಾವು ಕೋರುವೆವು. ದ್ವೀಪದ ಸುತ್ತಲಿನ ಹೊಲ, ಗೋಮಾಳ, ಹಳ್ಳದ ದಂಡೆಗಳ ನಾಳಿನ ಒಡೆಯರು ಆ ಮಕ್ಕಳೇ. ನರಿಯೋ ತೋಳವೋ ರಾತ್ರಿ ಕಾಡಿನಿಂದ ಕಾಡಿಗೆ ಹೋಗುವುದು ಅವರ ಹೊಲದ ಬದುವಿನ ಮೇಲೆಯೇ. ಬಿಡುವುದೂ ಬಡಿಯುವುದೂ ಅವರ ಕೈಯಲ್ಲಿದೆ.

ಕಾಡಿನಿಂದ ಹಿಂದಿರುಗಿದವರನ್ನು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಏನೇನು ಕಂಡಿರಿ?” ಎಂಬುದು. ಚಿಂಚೋಳಿಯಿಂದ ಬಂದವರನ್ನು ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: “ಎಲ್ಲಿಂದ ಹಿಂದಕ್ಕೆ ಬಂದಿರಿ?” ಅಂದು ನಾವು ಟಿಟ್ಟಿಭದ ಗೂಡಿನ ಚಿತ್ರವಿಲ್ಲದೆ ಮರಳಿದೆವು. ನೂರು ಹೆಜ್ಜೆ ನಡೆದು ತಿರುಗಿ ನೋಡಿದಾಗ ಹಕ್ಕಿಯ ಕೂಗು ನಿಂತಿದ್ದಿತು. ನಮ್ಮ ಯುವಕನು ಕಣ್ಣು ಕಿರಿದುಮಾಡಿ ನೋಡಿ, “ಕೂತದ್ರಿ” ಎಂದನು. ನಮಗೆ ಅಷ್ಟು ದೂರದಿಂದ ಏನೂ ಕಾಣಲಿಲ್ಲ. ಆದರೂ ಆ ದಿನದ ಯಾತ್ರೆಯಲ್ಲಿ ನಮಗೆ ಅತ್ಯಂತ ತೃಪ್ತಿ ಕೊಟ್ಟುದು ಆ ಒಂದು ಮಾತು.