ಬಗ್ಗುವ ಬೆನ್ನು ಯಾರದು?

ಇಟಗಿಯ ಕೇರಿಯಿಂದ ಬಿ.ಎ. ಮುಗಿಸಿದ ನಮಗೆ ನೌಕರಿ ಸಿಗಲಿಲ್ಲ. 'ಆಸ್ಪತ್ರೆ ಕೆಲಸ ಕಲೀರಿ, ಹೇಳಿದಲ್ಲಿ ಬಗ್ಗಿ ದುಡಿಯೋರಿಗೆ ಬೇಡಿಕೆ ಐತಿ' ಅಂದರು. ನಾಡಿ ನೋಡುವುದು, ಗಾಯ ತೊಳೆಯುವುದು ಕಲಿತೆವು. ವಾರ್ಡಿನಲ್ಲಿ ಮೊದಲು ಕೇಳಿದ್ದು ಜಾತಿ. ಕೈಗೆ ಕೊಟ್ಟದ್ದು ಮಲದ ಪಾತ್ರೆ, ಹೆಣದ ಸ್ಟ್ರೆಚರ್. ಅಪ್ಪ ಸತ್ತ ದನ ಹೊತ್ತ. ನಾವು ಸರ್ಟಿಫಿಕೇಟು ಹಿಡಿದು ಅದೇ ದಾರಿ ನಡೀಬೇಕೇನು?

ರೋಗಿಯ ಸೇವೆ ಕೀಳಲ್ಲ. ಅದನ್ನು ನಮಗಷ್ಟೇ, ಅದೂ ಗುತ್ತಿಗೆಯಲ್ಲಿ ಹಂಚುವ ಬುದ್ಧಿ ಕೀಳು. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಅಕ್ಕಂದಿರನ್ನು ನೌಕರರೆನ್ನಲಿಲ್ಲ, 'ಸ್ವಯಂಸೇವಕಿ' ಎಂದಿತು. 2023ರಲ್ಲಿ ಅದೇ ಅಭಿಯಾನದ ಗುತ್ತಿಗೆ ನೌಕರರು ಖಾಯಂ ಮಾಡಿರೆಂದು ಬೆಂಗಳೂರಿನಲ್ಲಿ ಧರಣಿ ಕೂತರು.

ಗೆಳೆಯರೇ, ಕೆಲಸ ಕಲಿಯೋಣ. ಖಾಯಂ ಆದೇಶವನ್ನೂ ಕೇಳೋಣ. ನಮ್ಮ ಬೆನ್ನು ಬಗ್ಗುವುದು ರೋಗಿಯನ್ನೆತ್ತಲು, ಗುತ್ತಿಗೆದಾರನ ಮುಂದಲ್ಲ.